ಹಗ್ಗದಿಂದ ಹಗ್ಗಕ್ಕೆ

ಸದ್ದು ಮಾಡಬಾರದೆಂದು ಅಕ್ಕ ಪಡುವ ಕಷ್ಟವೇ ಅವನಿಗೆ ಸಿಟ್ಟು ತರಿಸುತ್ತಿತ್ತು. ಚಿಲಕವನ್ನು ಅಂಗೈಯಲ್ಲಿ ಒತ್ತಿ ಹಿಡಿದು ಸರಿಸುವುದು, ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು ಹೊರಗಿನ ಮೆಟ್ಟಿಲವರೆಗೆ ಬರಿಗಾಲಲ್ಲಿ ನಡೆಯುವುದು, ನಲ್ಲಿಯನ್ನು ಪೂರ್ತಿ ತಿರುಗಿಸದೆ ಹನಿ ಹನಿಯಾಗಿ ಲೋಟ ತುಂಬಿಸಿಕೊಳ್ಳುವುದು. ಹಾಗೆ ತುಂಬುವ ಲೋಟದ ಸದ್ದು ನಲ್ಲಿ ಧೋ ಎಂದು ಸುರಿಯುವ ಸದ್ದಿಗಿಂತ ಹೆಚ್ಚು ಹೊತ್ತು ಕಿವಿ ಕೊರೆಯುತ್ತದೆಂದು ಅವಳಿಗೆ ಯಾರು ಹೇಳಬೇಕು? ಐವತ್ಮೂರು ವರ್ಷದ ಹೆಂಗಸು ತಮ್ಮನ ಮನೆಯಲ್ಲಿ ಕಳ್ಳಿಯ ಹಾಗೆ ಓಡಾಡುತ್ತಾಳೆ. ಮಂಚದ ಮೇಲೆ ಕಣ್ಣು ಮುಚ್ಚಿಕೊಂಡೇ ಅವನು ಅವಳ ಒಂದೊಂದು ಚಲನೆಯನ್ನೂ ಕೇಳಿಸಿಕೊಂಡ. ಪಕ್ಕದಲ್ಲಿ ಹೆಂಡತಿಗೂ ಎಚ್ಚರವಿತ್ತು. ಇಬ್ಬರೂ ನಿದ್ದೆ ಬಂದವರ ಹಾಗೆ ನಟಿಸಿದರು. ಅಕ್ಕ ಈ ಮನೆಗೆ ಬಂದು ಹನ್ನೊಂದು ತಿಂಗಳು. ಅದಕ್ಕೆ ಮುಂಚೆ ಆಚೆ ದಡದಲ್ಲಿ, ಆಸ್ಪತ್ರೆಯ ಹಿಂದಿನ ಓಣಿಯಲ್ಲಿ ಅವಳಿಗೊಂದು ಕೋಣೆಯಿತ್ತು. ಕೆಲಸಕ್ಕೆ ನಾಲ್ಕು ನಿಮಿಷದ ದಾರಿ. ಕಿಟಕಿಯಲ್ಲಿ ಕಬ್ಬಿಣದ ಡಬ್ಬಿಯೊಳಗೆ ಯಾವುದೋ ಬಳ್ಳಿ ಬೆಳೆಸಿಕೊಂಡಿದ್ದಳು. ಆ ಕೋಣೆ ಬಿಡಿಸಿದವನು ಇವನೇ. ಒಂದು ಭಾನುವಾರ ಹೋಗಿ, ಅವಳ ಸ್ಟೂಲಿನ ಮೇಲೆ ಕೂತು, ಬಾ ಅಕ್ಕಾ, ಇನ್ನು ದೋಣಿ ಬಂತು, ಇಪ್ಪತ್ತೆರಡೇ ನಿಮಿಷ, ಒಬ್ಬಳೇ ಯಾಕಿರ್ತೀಯ ಎಂದಿದ್ದ. ಒಬ್ಬಳೇ ಇರುವುದರ ಚಿಂತೆ ಅವನಿಗೆ ಅದುವರೆಗೆ ಬಂದಿರಲಿಲ್ಲ. ಹೆಂಡತಿ ಮತ್ತೆ ಕೆಲಸಕ್ಕೆ ಹೋಗುವವಳಿದ್ದಳು, ಸಂಜೆ ಐದರಿಂದ ಏಳರವರೆಗೆ ಮಗುವನ್ನು ನೋಡಿಕೊಳ್ಳಲು ಮನೆಯಲ್ಲಿ ಜನ ಬೇಕಿತ್ತು. ಅದನ್ನು ಅವನು ಹೇಳಲಿಲ್ಲ, ಅಕ್ಕ ಕೇಳಲೂ ಇಲ್ಲ. ‘ಇಪ್ಪತ್ತೆರಡಾ?’ ಎಂದಷ್ಟೇ ಕೇಳಿದ್ದಳು. ಅವನು ಹೆಮ್ಮೆಯಿಂದ, ‘ನಾನೇ ಅಳೆದಿರೋದು’ ಎಂದಿದ್ದ.

ಬಾಗಿಲು ಮುಚ್ಚಿಕೊಂಡ ಮೇಲೆ ಎದ್ದ. ಆರೂ ಮೂವತ್ತೆರಡು. ಈ ದಿನ ಅವನೂ ಏಳರ ದೋಣಿಗೇ ಹೋಗಬೇಕಿತ್ತು. ದೋಣಿ ಯೋಜನೆಗೆ ವರ್ಷ ತುಂಬುತ್ತಿದ್ದರಿಂದ ಅವನ ಇಲಾಖೆಯ ಸಾಹೇಬರು ಖುದ್ದಾಗಿ ಬಂದು ದೋಣಿಯ ಹೊತ್ತಿನ ಮರುಪರೀಕ್ಷೆ ಮಾಡುವವರಿದ್ದರು. ಅದನ್ನು ರಾತ್ರಿ ಊಟದ ಹೊತ್ತಿಗೆ ಹೇಳಿದ್ದರೆ ಅಕ್ಕನ ಜೊತೆಯಲ್ಲೇ ಹೊರಡಬಹುದಿತ್ತು. ಹೇಳಲಿಲ್ಲ. ಹೇಳದೆ ಇರುವುದಕ್ಕೆ ಕಾರಣವೂ ಇರಲಿಲ್ಲ, ಅಥವಾ ಇತ್ತು, ಅದನ್ನು ಮುಟ್ಟಿ ನೋಡಲು ಅವನಿಗೆ ಇಷ್ಟವಿರಲಿಲ್ಲ. ಮುಖಕ್ಕೆ ನೀರು ಹಾಕಿಕೊಂಡು ಹೊರಬಿದ್ದವನಿಗೆ ಇಳಿಜಾರಿನ ಮೊದಲ ತಿರುವಿನಲ್ಲೇ ಅವಳು ಕಂಡಳು. ಮೆಟ್ಟಿಲುಗಳನ್ನು ಅಡ್ಡಡ್ಡ ತಿರುಗಿ ಇಳಿಯುತ್ತಿದ್ದಳು, ಎಡಗಾಲು ಮೊದಲು, ಆಮೇಲೆ ಬಲಗಾಲನ್ನು ಅದೇ ಮೆಟ್ಟಿಲಿಗೆ ತಂದು. ಮೊಣಕಾಲು ಹೋಗಿ ಆರು ವರ್ಷವಾಗಿತ್ತು. ಮನೆಯಿಂದ ನದಿಗೆ ನೂರಾ ಮೂವತ್ತು ಮೆಟ್ಟಿಲು, ಅದಾದ ಮೇಲೆ ಗೋದಾಮಿನ ಗೋಡೆ ಬಳಸಿ ಕೆಸರಿನ ದಾರಿ. ಈ ಊರು ನದಿಗೆ ಬೆನ್ನು ತಿರುಗಿಸಿ ಗುಡ್ಡದ ಮೇಲೆ ಕೂತಿದೆ ಎನ್ನುವುದು ಅಂಗೈ ಹುಣ್ಣಿನಷ್ಟು ನಿಚ್ಚಳ. ಆದರೂ ನಕ್ಷೆ ಬಿಡಿಸಿಟ್ಟು ನೋಡಿದವರಿಗೆಲ್ಲ ಒಂದೇ ಹುಚ್ಚು: ಸೇತುವೆ ಒಂದೇ, ಅದರ ಮೇಲೆ ಬಸ್ಸುಗಳು ಒಂದೂವರೆ ಗಂಟೆ ತೆವಳುತ್ತವೆ, ಕೆಳಗೆ ಇಷ್ಟಗಲದ ನದಿ ಖಾಲಿ ಬಿದ್ದಿದೆ. ಟಾರು ಹಾಕದೆ ಸಿಕ್ಕಿದ ರಸ್ತೆ ಎಂದು ಸಾಹೇಬರು ಪ್ರತಿ ಸಭೆಯಲ್ಲೂ ಹೇಳುತ್ತಿದ್ದರು, ಪ್ರತಿ ಸಭೆಯಲ್ಲೂ ಆಗ ತಾನೇ ಹೊಳೆದವರಂತೆ. ಕೇಳುವಾಗ ಅವನಿಗೂ ಹೌದೆನಿಸುತ್ತಿತ್ತು. ಈಗ ಮುಂದೆ ಅಡ್ಡಡ್ಡ ಇಳಿಯುತ್ತಿದ್ದ ಬೆನ್ನನ್ನು ನೋಡುತ್ತ ಅವನು ನಡಿಗೆ ನಿಧಾನ ಮಾಡಿದ. ನಾಲ್ಕು ಹೆಜ್ಜೆ ಬೀಸಿ ಹಾಕಿದ್ದರೆ ಅವಳ ಕೈಚೀಲ ಇಸಿದುಕೊಳ್ಳಬಹುದಿತ್ತು.

ತಪ್ಪು ಎಲ್ಲಿ ಹುಟ್ಟಿತೆನ್ನುವುದು ಅವನಿಗೆ ಚೆನ್ನಾಗಿ ಗೊತ್ತು. ಅವನ ವಿಭಾಗ ಹುಟ್ಟಿದಾಗಿನಿಂದ ಸರಕು ಸಾಗಿಸುವ ವಿಭಾಗ. ಸಿಮೆಂಟು, ಜಲ್ಲಿ, ಧಾನ್ಯದ ಮೂಟೆ. ಅಲ್ಲಿ ದೋಣಿಯ ಹೊತ್ತನ್ನು ಅಳೆಯುವುದಕ್ಕೆ ಒಂದೇ ಕ್ರಮ: ಈ ದಡದಲ್ಲಿ ಹಗ್ಗ ಬಿಚ್ಚಿದಾಗ ಸ್ಟಾಪ್‌ವಾಚು ಒತ್ತಬೇಕು, ಆ ದಡದಲ್ಲಿ ಹಗ್ಗ ಕಟ್ಟಿದಾಗ ಇನ್ನೊಮ್ಮೆ ಒತ್ತಬೇಕು. ಹಗ್ಗದಿಂದ ಹಗ್ಗಕ್ಕೆ. ಮೂವತ್ತು ವರ್ಷದಿಂದ ಹಾಗೇ ಅಳೆದಿದ್ದರು, ಯಾವ ಮೂಟೆಯೂ ದೂರು ಕೊಟ್ಟಿರಲಿಲ್ಲ. ಮೂಟೆ ಮನೆಯಿಂದ ನಡೆದು ಬರುವುದಿಲ್ಲ, ದೋಣಿ ನಿಲ್ಲುವ ಜೆಟ್ಟಿಯಲ್ಲಿ ನಿಂತು ಕಾಯುವುದಿಲ್ಲ, ಇಳಿದ ಮೇಲೆ ಗುಡ್ಡ ಹತ್ತಿ ಕೆಲಸಕ್ಕೆ ಓಡುವುದಿಲ್ಲ. ಜನರ ದೋಣಿಯ ಯೋಜನೆ ಬಂದಾಗ ಅದೇ ನಮೂನೆಯಲ್ಲಿ ‘ಮೂಟೆಗಳು’ ಎಂಬುದನ್ನು ಹೊಡೆದುಹಾಕಿ ಮೇಲೆ ‘ಪ್ರಯಾಣಿಕರು’ ಎಂದು ಟೈಪು ಮಾಡಿದರು, ಅಷ್ಟೇ. ಹೊಡೆದ ಗೆರೆಯ ಕೆಳಗೆ ಮೂಟೆಗಳು ಸ್ಪಷ್ಟವಾಗಿ ಓದಲು ಬರುತ್ತಿತ್ತು. ಅವನಿಗೆ ಆಗಲೇ ಅನುಮಾನ ಬಂದಿತ್ತು. ಒಂದು ಸಂಜೆ ಸಾಹೇಬರ ಕೋಣೆಗೆ ಹೋಗಿ, ಜನ ಮನೆಯಿಂದ ಜೆಟ್ಟಿಗೆ ಬರುವ ಹೊತ್ತನ್ನೂ ಸೇರಿಸಬೇಕಲ್ಲವೇ ಎಂದು ಕೇಳಿದ್ದ. ಸಾಹೇಬರು ಕನ್ನಡಕ ತೆಗೆದು ಒರೆಸುತ್ತ, ‘ನಡೆಯೋದು ನಮ್ಮ ಇಲಾಖೆಗೆ ಬರಲ್ಲ ಕಣಯ್ಯ’ ಎಂದಿದ್ದರು. ಅವನು ನಕ್ಕಿದ್ದ. ಆ ನಗು ನೆನಪಾದಾಗಲೆಲ್ಲ ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳಬೇಕೆನಿಸುತ್ತಿತ್ತು. ಬೈದಿದ್ದರೆ ಸಹಿಸಬಹುದಿತ್ತು, ಹೆದರಿಸಿದ್ದರೆ ನೆಪವಾಗುತ್ತಿತ್ತು. ತಮಾಷೆ ಮಾಡಿದರು, ಅವನು ಹಲ್ಲು ಕಿರಿದ, ಮರುದಿನ ಇಪ್ಪತ್ತೆರಡು ನಿಮಿಷ ಎಂದು ಬರೆದು ಕೆಳಗೆ ಸಹಿ ಹಾಕಿದ.

ಜೆಟ್ಟಿಯಲ್ಲಿ ಐವತ್ತು ಅರವತ್ತು ಜನರಿದ್ದರು. ಮೊದಲು ಆರೂವರೆಗೊಂದು ದೋಣಿಯಿತ್ತು. ಜನ ಸಾಲದೆಂದು ಮೂರನೆಯ ತಿಂಗಳಲ್ಲೇ ನಿಲ್ಲಿಸಿದ್ದರಿಂದ ಏಳರದೇ ಈಗ ಮೊದಲನೆಯದು. ಅಕ್ಕ ಹತ್ತಿ ಮೂರನೆಯ ಬೆಂಚಿನ ತುದಿಯಲ್ಲಿ ಕೂತು ಮೊಣಕಾಲಿನ ಮೇಲೆ ಎರಡೂ ಅಂಗೈ ಇಟ್ಟುಕೊಂಡಳು. ಇವನನ್ನು ನೋಡಿದಳು. ಹುಬ್ಬು ಸ್ವಲ್ಪ ಏರಿತು, ಆಮೇಲೆ ಇವನ ಕುತ್ತಿಗೆಯಲ್ಲಿ ತೂಗುತ್ತಿದ್ದ ಸ್ಟಾಪ್‌ವಾಚನ್ನೂ ಕೈಯ ರಟ್ಟಿನ ಹಲಗೆಯನ್ನೂ ನೋಡಿ, ಕೆಲಸದ ಮೇಲೆ ಬಂದಿದ್ದಾನೆಂದು ತಿಳಿದು, ಮುಖ ನದಿಯ ಕಡೆ ತಿರುಗಿಸಿದಳು. ಏಳಕ್ಕೆ ಎರಡು ನಿಮಿಷವಿದ್ದಾಗ ಸಾಹೇಬರ ಫೋನು ಬಂತು. ಕಾರು ಸೇತುವೆಯ ಈ ಬದಿಯಲ್ಲಿ ಸಿಕ್ಕಿಕೊಂಡಿದೆ, ಹತ್ತು ನಿಮಿಷ, ದೋಣಿ ಬಿಡಬೇಡ. ಅವನು ಚುಕ್ಕಾಣಿಯವನ ಹತ್ತಿರ ಹೋಗಿ ಹೇಳಿದ. ಚುಕ್ಕಾಣಿಯವನು ಹಗ್ಗವನ್ನು ಆಗಲೇ ಅರ್ಧ ಬಿಚ್ಚಿದ್ದ. ಕೆಲಸಕ್ಕೆ ಹೋಗೋ ಜನ ಇದ್ದಾರೆ ಸಾರ್, ಎಂದ. ‘ನಿಲ್ಸು ಅಂದ್ನಲ್ಲ’ ಎಂದಾಗ ತನ್ನ ದನಿ ಅಷ್ಟು ಗಟ್ಟಿಯಾಗಿ ಹೊರಟಿದ್ದು ಅವನಿಗೇ ಆಶ್ಚರ್ಯ. ಮೂರನೆಯ ಬೆಂಚಿಗೂ ಕೇಳಿಸಿರಬೇಕು.

ಏಳಾಯಿತು. ಏಳೂ ಎರಡು, ಏಳೂ ನಾಲ್ಕು. ಹಿಂದಿನ ಬೆಂಚಿನಿಂದ ಯಾರೋ, ಯಾರ ಮದುವೆಗೆ ಕಾಯ್ತಿರೋದು ಎಂದು ಕೇಳಿದರು. ನಾಲ್ಕೈದು ಜನ ನಕ್ಕರು, ಆಮೇಲೆ ಯಾರೂ ನಗಲಿಲ್ಲ. ಅವನಿಗೆ ಅಕ್ಕನ ಲೆಕ್ಕ ಬಾಯಿಪಾಠವಾಗಿತ್ತು, ಏಕೆಂದರೆ ಅವಳು ಅದನ್ನು ಒಮ್ಮೆ ಹೆಂಡತಿಗೆ ಅಡುಗೆಮನೆಯಲ್ಲಿ ಹೇಳುತ್ತಿದ್ದಾಗ ಗೋಡೆಯ ಈಚೆ ನಿಂತು ಕೇಳಿಸಿಕೊಂಡಿದ್ದ. ಏಳಕ್ಕೆ ಬಿಟ್ಟರೆ ಏಳೂ ಇಪ್ಪತ್ತೆರಡಕ್ಕೆ ಆಚೆ ದಡ, ಅಲ್ಲಿಂದ ಅವಳ ಕಾಲಿಗೆ ಇಪ್ಪತ್ತೆರಡು ನಿಮಿಷ ಗುಡ್ಡ, ಏಳೂ ನಲವತ್ನಾಲ್ಕಕ್ಕೆ ಆಸ್ಪತ್ರೆಯ ಹಾಜರಿ ಕಿಟಕಿ. ನಲವತ್ತೈದಕ್ಕೆ ಪುಸ್ತಕ ಮುಚ್ಚುತ್ತಾರೆ. ಈ ತಿಂಗಳು ಎರಡು ಸಲ ತಡವಾಗಿತ್ತು, ಒಮ್ಮೆ ಮಂಜಿಗೆ, ಒಮ್ಮೆ ಎಂಜಿನ್ನು ಕೆಟ್ಟು. ಮೂರನೆಯ ಸಲವಾದರೆ ಹೊಲಿಗೆ ಕೋಣೆಯಿಂದ ತೆಗೆದು ಕೆಳಗಿನ ಬಟ್ಟೆ ಒಗೆಯುವ ಕೋಣೆಗೆ ಹಾಕುತ್ತಾರೆ. ಹೊಲಿಗೆ ಕೋಣೆಯಲ್ಲಿ ಕೂತು ಮಾಡುವ ಕೆಲಸ: ಹರಿದ ಹಾಸಿಗೆ ಬಟ್ಟೆಗೆ ತೇಪೆ, ವೈದ್ಯರ ಅಂಗಿಗೆ ಗುಂಡಿ. ಕೆಳಗೆ ನೀರಿನಲ್ಲಿ ಎಂಟು ಗಂಟೆ ನಿಂತಿರಬೇಕು. ‘ಅಲ್ಲಿಗೆ ಹಾಕಿದ್ರೆ ನನ್ನ ಕಾಲು ಮುಗೀತು’ ಎಂದು ಅಕ್ಕ ಹೆಂಡತಿಗೆ ಹೇಳಿದ್ದಳು, ಅಳದೆ, ಯಾರದೋ ಕಾಲಿನ ಮಾತೆಂಬಂತೆ. ಹಾಗಿದ್ದರೆ ಈಗ ಬಂದು ಬೈಯಬಾರದೇ? ಎಲ್ಲರೆದುರು ಎದ್ದು, ಲೋ, ಬಿಡಿಸೋ ದೋಣೀನ, ಎನ್ನಬಾರದೇ? ಅವಳು ಎತ್ತಿ ಆಡಿಸಿದ ತಮ್ಮ ತಾನು. ಅಮ್ಮ ಹೋದಮೇಲೆ ತಲೆ ಬಾಚಿದವಳು, ಸುಳ್ಳು ಹೇಳಿದ್ದಕ್ಕೆ ಅಳತೆಪಟ್ಟಿಯಿಂದ ಅಂಗೈ ಮೇಲೆ ಹೊಡೆದವಳು. ಆ ಹಕ್ಕನ್ನು ಎಲ್ಲಿ ಬಿಟ್ಟಳು? ಅವಳ ಸುಮ್ಮನಿರುವಿಕೆಯ ಮೇಲೆ ಅವನಿಗೆ ಮೈಯೆಲ್ಲ ಉರಿಯುವಷ್ಟು ಸಿಟ್ಟು ಬಂತು. ಆ ಸಿಟ್ಟಿನ ತಳದಲ್ಲಿ, ಚುಕ್ಕಾಣಿಯವನಿಗೆ ‘ಹೊರಡು’ ಎಂಬ ಒಂದು ಮಾತು ಹೇಳಲು ತನಗೆ ಸಾಧ್ಯವಿದೆ ಎನ್ನುವುದು ಗೊತ್ತಿತ್ತು. ಸಾಹೇಬರು ಇನ್ನೊಂದು ದೋಣಿಗೆ ಬಂದರೆ ಆಕಾಶ ಕಳಚಿ ಬೀಳುತ್ತಿರಲಿಲ್ಲ. ಅವನು ಹಲಗೆಯ ಮೇಲಿನ ಹಾಳೆಯನ್ನು ಸರಿಪಡಿಸಿಕೊಂಡ.

ಏಳೂ ಒಂಬತ್ತಕ್ಕೆ ಸಾಹೇಬರು ಬಂದರು, ಸ್ನಾನ ಮಾಡಿದ ಪರಿಮಳದೊಂದಿಗೆ, ಸೇತುವೆಯನ್ನು ಶಪಿಸುತ್ತ. ನೋಡಿದ್ಯಾ, ಅದಕ್ಕೇ ದೋಣಿ ಬೇಕು ಅನ್ನೋದು, ಎಂದರು. ಹಗ್ಗ ಬಿಚ್ಚಿತು. ಅವನು ಗುಂಡಿ ಒತ್ತಿದ. ಸೊನ್ನೆಯಿಂದ ಮುಳ್ಳು ಓಡತೊಡಗಿತು. ಕಾದ ಒಂಬತ್ತು ನಿಮಿಷ ಎಲ್ಲಿಗೂ ಸೇರದೆ ದಡದಲ್ಲೇ ಉಳಿಯಿತು. ಸಮಯಪಾಲನೆಯನ್ನು ಪರೀಕ್ಷಿಸಲೆಂದು ದೋಣಿಯನ್ನು ತಡಮಾಡಿ, ಆ ತಡವನ್ನು ಲೆಕ್ಕದಿಂದ ಹೊರಗಿಡುವುದು. ಇದನ್ನು ಯಾರಿಗಾದರೂ ಹೇಳಿದರೆ ಹೊಟ್ಟೆ ಹುಣ್ಣಾಗುವಷ್ಟು ನಗಬಹುದು ಎನಿಸಿತು ಅವನಿಗೆ. ನಡುನೀರಿಗೆ ಬಂದಾಗ ಗಾಳಿ ತಣ್ಣಗಿತ್ತು. ಬೆಂಚುಗಳ ಮೇಲೆ ಜನರ ಭುಜ ಸಡಿಲವಾದವು, ಒಬ್ಬಳು ತಲೆಕೂದಲು ಬಿಚ್ಚಿ ಮತ್ತೆ ಕಟ್ಟಿಕೊಂಡಳು. ಸುಳ್ಳು ಹೇಳಬಾರದು, ಈ ಇಪ್ಪತ್ತೆರಡು ನಿಮಿಷ ಚೆನ್ನಾಗಿಯೇ ಇರುತ್ತದೆ. ಅಕ್ಕನ ಇಡೀ ದಿನದಲ್ಲಿ ಯಾರೂ ಏನನ್ನೂ ಕೇಳದ ಹೊತ್ತು ಇದೊಂದೇ ಇರಬಹುದು. ಅಷ್ಟರಲ್ಲಿ ಸಾಹೇಬರು ಪ್ರಯಾಣಿಕರ ಅಭಿಪ್ರಾಯ ಕೇಳುತ್ತ ಬೆಂಚಿನಿಂದ ಬೆಂಚಿಗೆ ಹೊರಟರು, ಇವನು ಬರೆದುಕೊಳ್ಳುತ್ತ ಹಿಂದೆ. ಮೂರನೆಯ ಬೆಂಚಿನೆದುರು ನಿಂತು, ಏನಮ್ಮಾ, ದೋಣಿ ಹೇಗಿದೆ, ಎಂದು ಕೇಳಿದರು. ಅಕ್ಕ ಅವರನ್ನು ನೋಡಿದಳು, ಇವನ ಕೈಯ ಪೆನ್ನನ್ನು ನೋಡಿದಳು.

‘ಚೆನ್ನಾಗಿದೆ ಸಾರ್’ ಎಂದಳು.

ಅವನು ಬರೆದ. ನಮೂನೆಯಲ್ಲಿ ಅಭಿಪ್ರಾಯದ ಪಕ್ಕದಲ್ಲಿ ಅಂದಾಜು ವಯಸ್ಸು ಎಂಬ ಕಾಲಂ ಇತ್ತು. ಐವತ್ತೈದು ಎಂದು ಬರೆದ. ಬರೆದ ಮೇಲೆ ಅದನ್ನೇ ನೋಡುತ್ತ ನಿಂತ. ಅವಳ ಹುಟ್ಟಿದ ದಿನ, ವಾರ ಎಲ್ಲ ಗೊತ್ತಿದ್ದವನು ಅಂದಾಜು ಮಾಡಿದ್ದ. ತಿದ್ದಲು ಹೋದರೆ ಸಾಹೇಬರು ಕೇಳುತ್ತಾರೆ. ಮುಂದಿನ ಬೆಂಚಿಗೆ ಹೋದ.

ಆಚೆ ದಡದಲ್ಲಿ ಹಗ್ಗ ಕಟ್ಟಿದಾಗ ಇಪ್ಪತ್ತೆರಡು ನಿಮಿಷ ನಾಲ್ಕು ಸೆಕೆಂಡು. ಸಾಹೇಬರು ಅವನ ಬೆನ್ನು ತಟ್ಟಿದರು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎನ್ನುವ ಹಾಗೆ ಚುಕ್ಕಾಣಿಯವನನ್ನು ಪಕ್ಕಕ್ಕೆ ಸರಿಸಿ, ದೋಣಿಯ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳಲು ಅಂಗಿಯ ತೋಳು ಇಳಿಸಿಕೊಂಡರು. ಫೋಟೋ ತೆಗೆಯಬೇಕಾದವನು ಇವನು. ಸಾಹೇಬರ ತಲೆಯ ಹಿಂದೆ, ಗುಡ್ಡದ ಕೆಳಗಿನ ದಾರಿಯಲ್ಲಿ, ಅಕ್ಕ ಓಡುತ್ತಿದ್ದಳು. ಓಡುವುದೆಂದು ಅದಕ್ಕೆ ಹೆಸರು, ಅಷ್ಟೇ. ಮೈ ಒಂದು ಪಕ್ಕಕ್ಕೆ ವಾಲಿ, ಕೈಚೀಲ ತೊಡೆಗೆ ಬಡಿಯುತ್ತ, ಬಲಗಾಲನ್ನು ನೆಲದ ಮೇಲೆ ಎಳೆಯುತ್ತ. ದೋಣಿಯಿಂದ ಇಳಿದವರೆಲ್ಲ ಅವಳನ್ನು ದಾಟಿ ಹೋದರು. ಅವನು ಫೋನನ್ನು ಸಾಹೇಬರ ಕೈಗೆ ಕೊಟ್ಟು, ಬಂದೆ ಸಾರ್, ಎಂದು ಹೊರಟೇಬಿಟ್ಟ. ಹಿಂದಿನಿಂದ ಅವರು ಏನೋ ಕೂಗಿದರು. ದಾರಿ ಜಲ್ಲಿ ರಾಶಿಗಳ ನಡುವೆ, ಮೇಲ್ರಸ್ತೆಯ ಅಡಿಯ ಕತ್ತಲ ಸುರಂಗದಲ್ಲಿ, ಆಮೇಲೆ ನೇರ ಏರು. ಮೊದಲ ಬಾರಿಗೆ ಅವನು ಈ ದಾರಿಯಲ್ಲಿ ನಡೆಯುತ್ತಿದ್ದ. ಜೆಟ್ಟಿಗೆ ಜಾಗ ಗುರುತಿಸಿದವರ ಪೈಕಿ ಅವನೂ ಒಬ್ಬ. ನೀರು ಆಳವಿದೆ, ಹಗ್ಗ ಕಟ್ಟಲು ಅನುಕೂಲ ಎಂದು ಬರೆದಿದ್ದ. ಸುರಂಗದೊಳಗೆ ಅವಳನ್ನು ಸೇರಿಕೊಂಡ. ಚೀಲ ಕೊಡು ಅಕ್ಕಾ ಎಂದ. ಅವಳು ತಿರುಗಿ ನೋಡದೆ ಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡಳು. ಆಮೇಲೆ ಇಡೀ ಏರು ಅವನು ಎರಡು ಹೆಜ್ಜೆ ಹಿಂದೆ ನಡೆದ. ಅವಳ ಉಸಿರು ಕೇಳಿಸುತ್ತಿತ್ತು. ಆಸರೆಗೆ ಕೈ ಕೊಟ್ಟರೆ ತಳ್ಳಿಬಿಡುತ್ತಾಳೆಂದು ಅವನಿಗೆ ಹೆದರಿಕೆಯಾಯಿತು.

ಹಾಜರಿ ಕಿಟಕಿ ಆಸ್ಪತ್ರೆಯ ಹಿಂಬದಿಯಲ್ಲಿ, ಕಸದ ಡಬ್ಬಿಗಳ ಪಕ್ಕದ ಕಿರಿದಾದ ಕೋಣೆ. ಗೋಡೆಗೆ ಬಿಳಿ ಟೈಲ್ಸು, ಕೆಳಗೆ ಹೋಗುವ ಮೆಟ್ಟಿಲಿನಿಂದ ಬಿಸಿ ಸೋಪಿನ ಹಬೆ. ಒಳಗೆ ವಯಸ್ಸಾದ ಗುಮಾಸ್ತ, ಸ್ವೆಟರಿನ ಮೊಣಕೈಗೆ ತೇಪೆ ಹಾಕಿಸಿಕೊಂಡಿದ್ದ. ನೋಡಿದ ತಕ್ಷಣ ಅದು ಅಕ್ಕನ ಹೊಲಿಗೆಯೆಂದು ಇವನಿಗೆ ತಿಳಿಯಿತು. ಗಡಿಯಾರ ಏಳೂ ಐವತ್ಮೂರು ತೋರಿಸುತ್ತಿತ್ತು. ಗುಮಾಸ್ತ ಮುಚ್ಚಿದ ಪುಸ್ತಕವನ್ನೂ ಅಕ್ಕನನ್ನೂ ನೋಡಿ ಕನ್ನಡಕ ಹಣೆಗೇರಿಸಿದ. ಅವನಿಗೆ ನಿಜಕ್ಕೂ ಬೇಸರವಾದಂತಿತ್ತು. ಮೂರಾಯ್ತಲ್ಲಮ್ಮ, ಎಂದ. ಅಕ್ಕ ಉಸಿರು ಹಿಡಿದುಕೊಳ್ಳುತ್ತ, ಮನೆ ಬಿಟ್ಟಿದ್ದೇ ತಡ ಆಯ್ತು, ನನ್ನದೇ ತಪ್ಪು, ಎಂದಳು. ಇವನಿಗೆ ತಲೆ ಕೆಟ್ಟುಹೋಯಿತು. ಮುಂದೆ ನುಗ್ಗಿ, ಅವರು ಸುಳ್ಳು ಹೇಳುತ್ತಿದ್ದಾರೆ, ದೋಣಿಯೇ ಒಂಬತ್ತು ನಿಮಿಷ ತಡವಾಗಿ ಬಿಟ್ಟಿದ್ದು, ಆಚೆ ದಡದಿಂದ ಬರುವವರಿಗೆ ನೀವು ಸ್ವಲ್ಪ ವಿನಾಯಿತಿ ಕೊಡಬೇಡವೇ ಎಂದು ಒಂದೇ ಉಸಿರಿಗೆ ಕೇಳಿದ. ಗುಮಾಸ್ತ ತಾಳ್ಮೆಯಿಂದ ಕೇಳಿಸಿಕೊಂಡ. ಇತ್ತು, ಎಂದ. ಮೊದಲು ಆಚೆ ದಡದವರಿಗೆಲ್ಲ ಅರ್ಧ ಗಂಟೆ ವಿನಾಯಿತಿ ಇತ್ತು, ಬಸ್ಸಿನ ಪಾಡು ಎಲ್ಲರಿಗೂ ಗೊತ್ತಿದ್ದದ್ದೇ. ಸರ್ಕಾರದಿಂದ ಈ ಕಾಗದ ಬಂದಮೇಲೆ ಮೇಲಿನವರು ತೆಗೆದುಹಾಕಿದರು. ಹಾಗೆಂದು ಪೆನ್ನಿನ ತುದಿಯಿಂದ ಕಿಟಕಿಯ ಪಕ್ಕದ ಗೋಡೆ ತೋರಿಸಿದ.

ಗಾಜಿನ ಚೌಕಟ್ಟು ಹಾಕಿಸಿದ್ದರು. ದೋಣಿಯ ಪ್ರಯಾಣದ ಅವಧಿ ಇಪ್ಪತ್ತೆರಡು ನಿಮಿಷ ಎಂದು ದಪ್ಪ ಅಕ್ಷರದಲ್ಲಿ, ಕೆಳಗೆ ಅವನ ಸಹಿ. ಬಾಲವನ್ನು ಎಳೆದು ಎರಡು ಚುಕ್ಕಿ ಇಡುವ ಸಹಿ. ಒಂಬತ್ತನೆಯ ವಯಸ್ಸಿನಲ್ಲಿ ಅಕ್ಕನೇ ಕೂತು ಕಲಿಸಿದ್ದಳು, ದೊಡ್ಡವನಾದ ಮೇಲೆ ಬೇಕಾಗುತ್ತೆ ಎಂದು. ಹಾಜರಿ ಹಾಕಲು ನಿಲ್ಲುವವರ ಕಣ್ಣಿಗೆ ನೇರವಾಗಿ ಬೀಳುವ ಎತ್ತರದಲ್ಲಿ ಅದು ಇತ್ತು. ಹನ್ನೊಂದು ತಿಂಗಳು, ವಾರಕ್ಕೆ ಆರು ದಿನ, ಅವಳು ಇದರೆದುರು ನಿಂತು ಹೆಸರು ಬರೆದಿದ್ದಾಳೆ. ಬರೆದು ಹೋಗಿ ತೇಪೆ ಹೊಲಿದು, ಸಂಜೆ ದೋಣಿ ಹತ್ತಿ ಬಂದು, ಅವನ ಮಗುವಿಗೆ ಊಟ ಮಾಡಿಸಿದ್ದಾಳೆ. ಒಂದು ದಿನವೂ ಹೇಳಲಿಲ್ಲ. ಅವನು ಅವಳ ಕಡೆ ತಿರುಗಿದ. ಅವಳು ಕಾಗದವನ್ನೂ ನೋಡುತ್ತಿರಲಿಲ್ಲ, ಅವನನ್ನೂ ನೋಡುತ್ತಿರಲಿಲ್ಲ. ಗೋಡೆಗೆ ಒರಗಿ ಮೊಣಕಾಲು ಒತ್ತಿಕೊಳ್ಳುತ್ತಿದ್ದಳು.

‘ಇದು ನನ್ನ ಸಹಿ’ ಎಂದ ಅವನು. ದನಿ ಅವನದೇ ಅನಿಸಲಿಲ್ಲ. ‘ಈ ಅಂಕಿ ತಪ್ಪು. ನಾನೇ ತಪ್ಪಾಗಿ ಬರ್ದಿದ್ದು. ಮನೆ ಹೊಸ್ತಿಲಿಂದ ಈ ಕಿಟಕಿಗೆ ಎಪ್ಪತ್ತೆರಡು ನಿಮಿಷ. ಇವತ್ತು ದೋಣಿ ನಿಲ್ಸಿದ್ದೂ ನಾನೇ.’

ಗುಮಾಸ್ತ ಸಹಿಯನ್ನೂ ಅವನನ್ನೂ ನೋಡಿದ. ಬಾಯಿಮಾತು ನಡೆಯೋದಿಲ್ಲ, ಬರೆದು ಕೊಡ್ತೀರಾ, ಎಂದ. ಅವನು ಹಲಗೆಯಿಂದ ಒಂದು ನಮೂನೆಯನ್ನು ಕಿತ್ತು, ಅದರ ಹಿಂದೆ, ಗೋಡೆಗೆ ಒತ್ತಿಟ್ಟುಕೊಂಡು ಬರೆದ. ಎಷ್ಟೋ ದಿನದ ನಂತರ ಎದೆ ಹಗುರವಾಗುತ್ತಿತ್ತು. ಇದು ಸಾಹೇಬರಿಗೆ ತಲುಪುತ್ತದೆ, ತನ್ನ ಕತೆ ಮುಗಿಯುತ್ತದೆ, ಮುಗಿಯಲಿ. ಎಪ್ಪತ್ತೆರಡೆಂದು ಗೊತ್ತಾದರೆ ದೋಣಿಯನ್ನೇ ನಿಲ್ಲಿಸಿಬಿಡಬಹುದು, ಅಕ್ಕ ಮತ್ತೆ ಬಸ್ಸಿನಲ್ಲಿ ಒಂದೂವರೆ ಗಂಟೆ ಕುದಿಯಬೇಕಾಗಬಹುದು ಎಂಬುದೂ ಹೊಳೆಯಿತು. ಆಗ ಅರ್ಧ ಗಂಟೆ ವಿನಾಯಿತಿ ವಾಪಸು ಬರುತ್ತದೆ, ಕೂತು ಮಾಡುವ ಕೆಲಸ ಉಳಿಯುತ್ತದೆ. ಬೇಕಿದ್ದರೆ ಓಣಿಯ ಕೋಣೆಯನ್ನೇ ಮತ್ತೆ ಹುಡುಕಿಕೊಡುತ್ತೇನೆ. ಹೀಗೆ ಅವನು ಬರೆಯುತ್ತಲೇ ಅವಳ ಬದುಕನ್ನು ಇನ್ನೊಮ್ಮೆ ಏರ್ಪಾಡು ಮಾಡಿದ. ಸಹಿ ಹಾಕಿ, ಬಾಲ ಎಳೆದು, ಎರಡು ಚುಕ್ಕಿಯಿಟ್ಟು ಕೊಟ್ಟ.

ಗುಮಾಸ್ತ ಎರಡು ಸಲ ಓದಿದ. ಇದು ಸಾಕಾಗಬಹುದು, ಎಂದ. ಇಲಾಖೆಯವರೇ ಬಂದು ಹೀಗೆ ಬರೆದುಕೊಟ್ಟರೆ ಇವತ್ತಿನದನ್ನು ತಡವೆಂದು ಹಿಡಿಯುವ ಹಾಗಿಲ್ಲ. ಆಮೇಲೆ ಅವನ ಮುಖ, ಅಕ್ಕನ ಮುಖ ಎರಡನ್ನೂ ನೋಡಿ, ಕಾಗದವನ್ನು ಕೆಳಗಿಟ್ಟ.

‘ಒಂದು ಮಾತು ಕೇಳ್ಬೇಕಮ್ಮ. ಇವರು ನಿಮ್ಮವರಾ? ಸಂಬಂಧಿಕರು ಬರ್ದಿದ್ದು ಅಂದ್ರೆ ಮೇಲಿನವರು ಒಪ್ಪಲ್ಲ.’

‘ಯಾರೂ ಅಲ್ಲ’ ಎಂದಳು ಅಕ್ಕ. ತಡವರಿಸಲಿಲ್ಲ. ‘ದೋಣೀಲಿ ಬಂದವರು. ದಾರಿ ತೋರಿಸ್ದೆ.’

ಅವನು ಹಿಗ್ಗಿದ. ಜಾಣೆ, ನನ್ನಕ್ಕ, ಎಂದುಕೊಂಡ. ಸುಳ್ಳಿಗೆ ಹೊಡೆಯುತ್ತಿದ್ದವಳು ಕಾಲಕ್ಕೆ ತಕ್ಕ ಹಾಗೆ ಒಂದು ಸುಳ್ಳು ಹೇಳಿದಳು, ಹೊಲಿಗೆ ಕೋಣೆ ಉಳಿಯಿತು, ಸಂಜೆ ಮನೆಯಲ್ಲಿ ಇದನ್ನು ನೆನೆದು ನಗಬಹುದು. ನಗು ಅವನ ತುಟಿಯವರೆಗೆ ಬಂದೂ ಬಿಟ್ಟಿತು. ಅಷ್ಟರಲ್ಲಿ ಅಕ್ಕ ಕಿಟಕಿಯೊಳಗೆ ಕೈ ಹಾಕಿ, ಅವನು ಬರೆದ ಹಾಳೆಯನ್ನು ಬೆರಳಿನಿಂದ ಪಕ್ಕಕ್ಕೆ ಸರಿಸಿದಳು, ಕಟ್ಟೆಯ ಮೇಲೆ ಬಿದ್ದ ದಾರದ ತುಂಡನ್ನು ಸರಿಸುವ ಹಾಗೆ. ಅದರ ಕೆಳಗೆ ವರ್ಗಾವಣೆಯ ಚೀಟಿಗಳ ಕಟ್ಟಿತ್ತು. ಒಂದನ್ನು ಎಳೆದುಕೊಂಡು, ಪೆನ್ನು ಕೇಳಿ ಇಸಿದುಕೊಂಡು ಹೆಸರು ಬರೆದಳು. ಎಲ್ಲಿಂದ: ಹೊಲಿಗೆ ಕೋಣೆ. ಎಲ್ಲಿಗೆ: ಒಗೆಯುವ ಕೋಣೆ. ಗುಮಾಸ್ತ, ಅಮ್ಮಾ, ಇದರ ಅಗತ್ಯ ಇಲ್ಲ, ಅವರು ಬರೆದುಕೊಟ್ಟಿದ್ದಾರಲ್ಲ, ಎಂದು ಎರಡು ಸಲ ಹೇಳಿದ.

‘ಇವರು ಬರ್ದಿದ್ದನ್ನ ನಂಬಿ ಒಂದ್ಸಲ ಕೆಟ್ಟಿದೀನಿ’ ಎಂದಳು ಅಕ್ಕ. ‘ಸಾಕು.’

ಪೆನ್ನು ವಾಪಸು ಕೊಟ್ಟಳು. ಇವನ ಕಡೆ ತಿರುಗಿ, ಹೊರಗಿನವರಿಗೆ ಹೇಳುವಷ್ಟೇ ಮರ್ಯಾದೆಯಿಂದ, ಸ್ವಲ್ಪ ದಾರಿ ಬಿಡಿ, ಎಂದಳು. ಅವನು ಗೋಡೆಗೆ ಒತ್ತಿಕೊಂಡು ನಿಂತ. ಅವಳು ಹಬೆ ಬರುವ ಮೆಟ್ಟಿಲಿಗೆ ಅಡ್ಡ ತಿರುಗಿ, ಎಡಗಾಲು ಮೊದಲು ಇಟ್ಟು, ಬಲಗಾಲನ್ನು ಅದರ ಪಕ್ಕಕ್ಕೆ ತಂದು, ಇಳಿಯತೊಡಗಿದಳು. ಹತ್ತು ಮೆಟ್ಟಿಲಾದ ಮೇಲೆ ತಲೆಯೂ ಕಾಣಲಿಲ್ಲ. ಗುಮಾಸ್ತ ಚೀಟಿಗೆ ಮುದ್ರೆ ಒತ್ತಿ, ಪಕ್ಕಕ್ಕೆ ಸರಿದಿದ್ದ ಹಾಳೆಯನ್ನು ಎತ್ತಿ ಕಿಟಕಿಯಿಂದ ಅವನ ಕಡೆಗೆ ಚಾಚಿದ. ದನಿ ತಗ್ಗಿಸಿ, ಅವರು ನಿಮ್ಮ ಅಕ್ಕ ತಾನೇ ಸಾರ್, ಮುಖ ನೋಡಿದ್ರೇ ಗೊತ್ತಾಗತ್ತೆ, ಎಂದ. ಹೌದು ಎನ್ನಲು ಅವನು ಬಾಯಿ ತೆರೆದ. ಹೌದೆಂದರೆ ಈ ಕಿಟಕಿಯಲ್ಲಿ ಅವಳ ಮಾತು ಸುಳ್ಳಾಗುತ್ತಿತ್ತು.

‘ಅವರೇ ಹೇಳಿದ್ರಲ್ಲ’ ಎಂದ.